ಸೊರಬ, ಶಿಕಾರಿಪುರದಲ್ಲಿ ನೋಡೋಕೆ ಏನಿದೆ? ಕೆರೆ ಇದೆ, ಕಾನು ಇದೆ

'ನಿಮ್ಮ ಕಡೆ ಒಳ್ಳೆ ಫಾಲ್ಸ್ ಯಾವುದಿದೆ?' ಬೆಂಗಳೂರಿನ ಪಿ.ಜಿ.ಗೆ ಬಂದ ಮೊದಲ ವಾರದಿಂದ ನಾನು ಈ ಪ್ರಶ್ನೆ ಕೇಳಿಸಿಕೊಳ್ಳುತ್ತಲೇ ಇದ್ದೇನೆ. ಶಿವಮೊಗ್ಗ ಜಿಲ್ಲೆ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಜೋಗ, ಆಗುಂಬೆ, ಕೊಡಚಾದ್ರಿ. ನಾನು ಸೊರಬ ತಾಲ್ಲೂಕಿನವಳು. ನಮ್ಮಲ್ಲಿ ಹೇಳಿಕೊಳ್ಳುವಂಥ ಜಲಪಾತ ಇಲ್ಲ. ಪಕ್ಕದ ಶಿಕಾರಿಪುರದಲ್ಲೂ ಇಲ್ಲ. 'ಫಾಲ್ಸ್ ಇಲ್ಲ ಮಾರಾಯ್ತಿ, ಇಬ್ಬರು ಮುಖ್ಯಮಂತ್ರಿಗಳನ್ನ ಕೊಟ್ಟಿದೀವಿ' ಅಂತ ತಮಾಷೆ ಮಾಡಿ ಮಾತು ಮುಗಿಸುತ್ತಿದ್ದೆ. ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ.

ಕಳೆದ ಮಳೆಗಾಲದಲ್ಲಿ ಮೂವರು ಗೆಳತಿಯರು ಹಟ ಹಿಡಿದು ಬಂದೇಬಿಟ್ಟರು. ಮೂರು ದಿನ ಇರ್ತೀವಿ ಅಂದರು. ಎಲ್ಲಿಗೆ ಕರಕೊಂಡು ಹೋಗಲಿ ಅಂತ ಮಾವನನ್ನು ಕೇಳಿದೆ. 'ಕೆರೆ ತೋರ್ಸು, ಕಾನು ತೋರ್ಸು. ಇನ್ನೆಂಥ ಇದೆ ನಮ್ಮಲ್ಲಿ?' ಅಂದರು. ಬೇಸರದಲ್ಲಿ ಅಂದ ಮಾತು ಅದು. ಆದರೆ ಮೂರು ದಿನ ಸುತ್ತಿದ ಮೇಲೆ ನನಗನ್ನಿಸಿದ್ದು, ಈ ಎರಡು ತಾಲ್ಲೂಕಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತು ಬೇರೆ ಇಲ್ಲ. ಕೆರೆಯನ್ನು ಇಲ್ಲಿನ ಜನ ಕಟ್ಟಿದರು. ಕಾನನ್ನು ಕಡಿಯದೆ ಬಿಟ್ಟರು. 'ನಿಸರ್ಗ ತಾಣ' ಅಂತ ನಾವು ಫೋಟೊ ತೆಗೆಯುವ ಇಲ್ಲಿನ ಒಂದೊಂದು ಜಾಗದ ಹಿಂದೆಯೂ ಯಾರೋ ಮಾಡಿದ ಕೆಲಸ ಇದೆ, ಯಾರೋ ಬಿಟ್ಟುಕೊಟ್ಟ ಲಾಭ ಇದೆ.

ಮೊದಲು ಫಾಲ್ಸ್ ಯಾಕಿಲ್ಲ ಅನ್ನೋದನ್ನ ಹೇಳಿಬಿಡ್ತೀನಿ. ಶರಾವತಿ ಪಶ್ಚಿಮಕ್ಕೆ ಹರಿದು ಘಟ್ಟದ ಅಂಚಿನಿಂದ ಧುಮುಕುತ್ತದೆ, ಅದಕ್ಕೇ ಜೋಗ. ನಮ್ಮ ಹೊಳೆಗಳ ಮುಖ ಆ ಕಡೆಗಿಲ್ಲ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದಾ ಸೊರಬವನ್ನು ಹಾದು ಬನವಾಸಿಯ ಕಡೆ ಹೋಗುತ್ತದೆ. ಸೊರಬ ಪೇಟೆಯ ಪಕ್ಕದಲ್ಲೇ ಹರಿಯುವ ದಂಡಾವತಿ ವರದೆಯನ್ನು ಸೇರುತ್ತದೆ. ಹುಂಚದ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಶಿಕಾರಿಪುರದ ಮೂಲಕ ಮಾಸೂರಿನ ಕಡೆ ಇಳಿಯುತ್ತದೆ. ಎಲ್ಲವೂ ಕೊನೆಗೆ ತುಂಗಭದ್ರೆಯ ಪಾಲು. ಘಟ್ಟದ ಬೆನ್ನಿನ ಮೇಲೆ, ಬಯಲಿನ ಕಡೆಗೆ ಇಳಿಜಾರಾದ ನೆಲ ಇದು. ನೀರು ಇಲ್ಲಿ ಬೀಳುವುದಿಲ್ಲ, ನಿಧಾನಕ್ಕೆ ಹರಿಯುತ್ತದೆ. ನಿಧಾನಕ್ಕೆ ಹರಿಯುವ ನೀರನ್ನು ತಡೆದು ನಿಲ್ಲಿಸಬಹುದು. ಹಾಗಾಗಿ ಇದು ಕೆರೆಗಳ ಸೀಮೆಯಾಯಿತು.

ಗುಡ್ಡದ ಮೇಲಿಂದ

ಮೊದಲ ದಿನ ಚಂದ್ರಗುತ್ತಿ. ಸಮುದ್ರಮಟ್ಟದಿಂದ 848 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಹಳೆಯ ಕೋಟೆಯ ಗೋಡೆಗಳು ಉಳಿದಿವೆ. ಕೆಳಗೆ ಬಂಡೆಯ ಗುಹೆಯೊಳಗೆ ರೇಣುಕಾಂಬೆಯ ಗುಡಿ. ಮಳೆಗಾಲದಲ್ಲಿ ಹತ್ತುವಾಗ ಕಲ್ಲು ಜಾರುತ್ತದೆ, ಒಳ್ಳೆ ಚಪ್ಪಲಿ ಬೇಕು. ನಾವು ಹೋದಾಗ ಮೋಡ ಕವಿದು ಹತ್ತಡಿ ಮುಂದಿದ್ದದ್ದೂ ಕಾಣುತ್ತಿರಲಿಲ್ಲ. ಅರ್ಧ ತಾಸು ಕಾದ ಮೇಲೆ ಗಾಳಿ ಬಂದು ಪರದೆ ಸರಿಸಿದ ಹಾಗೆ ಎಲ್ಲ ತೆರೆದುಕೊಂಡಿತು.

ಸೊರಬವನ್ನು ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ನಕ್ಷೆ ಸಿಗಲಿಕ್ಕಿಲ್ಲ. ತಿಳಿಹಸಿರು ಇರುವುದೆಲ್ಲ ಗದ್ದೆ. ಬೆಳ್ಳಿ ತಗಡಿನ ಹಾಗೆ ಹೊಳೆಯುವುದು ಕೆರೆ. ನಡುನಡುವೆ ಮಸಿ ಚೆಲ್ಲಿದ ಹಾಗೆ ಕಪ್ಪುಹಸಿರು ತುಣುಕುಗಳಿವೆಯಲ್ಲ, ಅವು ಕಾನುಗಳು. ಸುತ್ತ ಇರುವುದು ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ಅದರ ಮಧ್ಯೆ ವರ್ಷವಿಡೀ ಹಸಿರಾಗಿರುವ ದಟ್ಟ ತುಣುಕೇ ಕಾನು.

ಚಂದ್ರಗುತ್ತಿಯ ಹೆಸರು ಕೇಳಿದರೆ ನಮ್ಮ ಅಮ್ಮನ ವಯಸ್ಸಿನವರಿಗೆ ನೆನಪಾಗುವುದು ಬೆಟ್ಟದ ನೋಟವಲ್ಲ, ಬೆತ್ತಲೆ ಸೇವೆ. ವರದೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಬರುವ ಹರಕೆ ಇಲ್ಲಿತ್ತು. ಹೀಗೆ ಬರುತ್ತಿದ್ದವರಲ್ಲಿ ತಳಸಮುದಾಯದ ಹೆಣ್ಣುಮಕ್ಕಳೇ ಹೆಚ್ಚು. 1986ರಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ ಗುಂಪು ಹಲ್ಲೆ ಮಾಡಿತು, ಪೊಲೀಸರನ್ನೂ ಬಿಡಲಿಲ್ಲ. ಆ ಮೇಲೆ ಸರ್ಕಾರ ಆಚರಣೆಯನ್ನು ನಿಷೇಧಿಸಿತು. ಇವತ್ತು ಮೆಟ್ಟಿಲ ಮೇಲೆ ಕೂತು ಸೆಲ್ಫಿ ತೆಗೆದುಕೊಳ್ಳುವ ನಮ್ಮಂಥವರಿಗೆ ಆ ಜಾಗ ಬರೀ 'ವ್ಯೂ ಪಾಯಿಂಟ್' ಆಗಿದೆ ಅಂದರೆ, ಅದಕ್ಕಾಗಿ ಪೆಟ್ಟು ತಿಂದವರಿದ್ದಾರೆ ಅನ್ನೋದನ್ನ ಗೆಳತಿಯರಿಗೆ ಹೇಳದೆ ಇರಲಾಗಲಿಲ್ಲ.

182 ಎಕರೆಯ ಗುಡವಿ

ಸೊರಬದಿಂದ ಬನವಾಸಿ ರಸ್ತೆಯಲ್ಲಿ ಹದಿನೈದು ಹದಿನಾರು ಕಿಲೋಮೀಟರ್ ಹೋದರೆ ಗುಡವಿ ಪಕ್ಷಿಧಾಮ. 1989ರಲ್ಲಿ ಪಕ್ಷಿಧಾಮ ಅಂತ ಘೋಷಣೆಯಾಯಿತು. ವಿಸ್ತೀರ್ಣ 73.68 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 182 ಎಕರೆ. ಮಳೆಗಾಲದಲ್ಲಿ ತುಂಬುವ ಕೆರೆ, ಆ ನೀರಿನಲ್ಲೇ ಸೊಂಟದವರೆಗೆ ಮುಳುಗಿ ನಿಂತ ಮರಗಳು, ಮರದ ತುಂಬ ಗೂಡು. ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಿನಂಥ ಕತ್ತಿನ ಹಾವಕ್ಕಿ. ಸಮೀಕ್ಷೆಯೊಂದರ ಪ್ರಕಾರ 48 ಕುಟುಂಬಗಳಿಗೆ ಸೇರಿದ 217 ಜಾತಿಯ ಹಕ್ಕಿಗಳು ಇಲ್ಲಿ ಕಾಣಸಿಗುತ್ತವೆ. ಜೂನ್‌ನಿಂದ ನವೆಂಬರ್ ಒಳ್ಳೆಯ ಕಾಲ. ಬೆಳಿಗ್ಗೆ ಎದ್ದು ಹೋಗಬೇಕು, ಇಲ್ಲಾ ಸಂಜೆ ಹಕ್ಕಿಗಳು ಮನೆಗೆ ಬರುವ ಹೊತ್ತಿಗೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ 'ಏನೂ ಇಲ್ಲ' ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಗೋಪುರದ ಮೇಲೆ ನಿಂತಾಗ ಮೊದಲು ತಾಗುವುದು ಸದ್ದು. ಮರಿಗಳು ತಿನ್ನಲು ಕೇಳುವ ಸದ್ದು ಒಂದು ದೊಡ್ಡ ಸಂತೆಯ ಹಾಗೆ ಕೇಳಿಸುತ್ತದೆ. ಆಮೇಲೆ ವಾಸನೆ. ಬೆಂಗಳೂರಿನ ಗೆಳತಿ ಮೂಗು ಮುಚ್ಚಿಕೊಂಡಳು. ಆ ಹಿಕ್ಕೆ ಬೆರೆತ ನೀರು ಗದ್ದೆಗೆ ಗೊಬ್ಬರ ಅನ್ನೋದು ಹಳ್ಳಿಯವರ ಹಳೇ ಲೆಕ್ಕ.

ಗೋಪುರದಿಂದ ಬೇಲಿಯ ಆಚೆಗೂ ಸ್ವಲ್ಪ ಹೊತ್ತು ನೋಡಿ. ಹಕ್ಕಿಗಳು ಗೂಡು ಕಟ್ಟುವುದು ಈ 182 ಎಕರೆಯಲ್ಲಿ, ಆದರೆ ಹೊಟ್ಟೆ ತುಂಬಿಸಿಕೊಳ್ಳುವುದು ಸುತ್ತಲಿನ ಗದ್ದೆ, ಕೆರೆ, ಕಟ್ಟೆಗಳಲ್ಲಿ. ಕೆಂಬರಲು ಗದ್ದೆಯ ಕೆಸರಿನಲ್ಲಿ ಕೊಕ್ಕು ಆಡಿಸುತ್ತಾ ಹುಳು, ಏಡಿ, ಕಪ್ಪೆ ಹುಡುಕುತ್ತದೆ. ಪಕ್ಷಿಧಾಮದ ಗಡಿಗೆ ಕಾನೂನಿನ ರಕ್ಷಣೆ ಇದೆ, ಗದ್ದೆಗೆ ಇಲ್ಲ. ನಮ್ಮೂರಿನಲ್ಲಿ ನಾನು ಶಾಲೆಗೆ ಹೋಗುವಾಗ ಭತ್ತ ಇದ್ದ ಜಾಗದಲ್ಲಿ ಈಗ ಅಡಿಕೆ ಸಸಿ. ಇನ್ನು ಕೆಲವು ಕಡೆ ಗದ್ದೆಯನ್ನು ಶುಂಠಿಗೆ ಗೇಣಿ ಕೊಟ್ಟಿದ್ದಾರೆ. ಏರುಮಡಿ, ಬಸಿಗಾಲುವೆ, ಜತೆಗೆ ಮದ್ದು. ರೈತರನ್ನು ಬಯ್ಯುವುದು ಸುಲಭ. ಭತ್ತ ಬೆಳೆದು ಕೂಲಿಯ ದುಡ್ಡೂ ಹುಟ್ಟದಿದ್ದಾಗ ಮಾವನೂ ಎರಡು ಎಕರೆಗೆ ಅಡಿಕೆ ಹಾಕಿದ್ದಾರೆ, ನಾನು ಓದಿದ್ದು ಆ ದುಡ್ಡಿನಲ್ಲೇ. ಆದರೆ ಭತ್ತದ ಗದ್ದೆ ಅಂದರೆ ವರ್ಷದಲ್ಲಿ ನಾಲ್ಕೈದು ತಿಂಗಳು ನೀರು ನಿಲ್ಲುವ ತೆಳುವಾದ ಕೆರೆ. ಅದು ಹೋದರೆ ಗುಡವಿಯ ಬೇಲಿ ಎಷ್ಟೇ ಗಟ್ಟಿಯಿದ್ದರೂ ಒಳಗಿನ ಮರಿಗಳಿಗೆ ಊಟ ಎಲ್ಲಿಂದ?

ಕಾನು ಅಂದರೇನು

ಎರಡನೇ ದಿನ ಮಾವ ನಮ್ಮೂರ ಕಾನಿಗೆ ಕರೆದುಕೊಂಡು ಹೋದರು. ಹೊಳಪಿನ ಎಲೆಗಳ ಒಳಗೆ ಕಾಲಿಟ್ಟ ಕ್ಷಣ ಬೆಳಕು ಕಡಿಮೆಯಾಯಿತು, ಮೈ ತಣ್ಣಗಾಯಿತು. ಬೈನೆ ಮರ, ಹಲಸು, ದಾಲ್ಚಿನ್ನಿ, ಉಪ್ಪಾಗೆ, ಮರಕ್ಕೆ ಹಬ್ಬಿದ ಕಾಡುಮೆಣಸಿನ ಬಳ್ಳಿ. ಒಳಗೊಂದು ಕಡೆ ಕಲ್ಲುಗಳಿವೆ, ಕುಂಕುಮ ಮೆತ್ತಿದೆ. ಜಟಕ, ಭೂತಪ್ಪ, ಚೌಡಿ. ಮಾವ ಚಪ್ಪಲಿ ಬಿಟ್ಟರು, ನಾವೂ ಬಿಟ್ಟೆವು. ಜಿಗಣೆಗಳಿಗೆ ಹಬ್ಬ.

ಕಾನು ದೇವರ ಕಾಡು ಹೌದು, ಆದರೆ ಅಷ್ಟೇ ಅಂದುಕೊಂಡರೆ ತಪ್ಪಾಗುತ್ತದೆ. ಜನ ಅದನ್ನು ಮುಟ್ಟದೆ ಪೂಜೆ ಮಾಡಿ ಇಟ್ಟುಕೊಂಡಿರಲಿಲ್ಲ, ಬಳಸುತ್ತಿದ್ದರು. ಮೆಣಸು, ಜೇನು, ಬೈನೆಯ ಕಳ್ಳು, ಉಪ್ಪಾಗೆ, ದಾಲ್ಚಿನ್ನಿ ತರುತ್ತಿದ್ದರು. ಮರವನ್ನು ಮಾತ್ರ ಕಡಿಯುವ ಹಾಗಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಊರಿನವರು ಕಾನಿಗೆ ಕಂದಾಯ ಕಟ್ಟಿ ಅದರ ಉತ್ಪನ್ನದ ಮೇಲೆ ಹಕ್ಕು ಪಡೆಯುತ್ತಿದ್ದರು. ಹಕ್ಕೂ ಇತ್ತು, ಮಿತಿಯೂ ಇತ್ತು.

ಮರ ಕಡಿಯಬಾರದು ಅನ್ನುವ ಕಟ್ಟುಪಾಡಿಗೆ ನೀರಿನ ಕಾರಣವೂ ಇದೆ. ಕಾನಿನ ನೆಲದಲ್ಲಿ ಕೊಳೆತ ಎಲೆಯ ದಪ್ಪ ಪದರ ಇರುತ್ತದೆ, ಅದು ಮಳೆಯನ್ನು ಸ್ಪಂಜಿನ ಹಾಗೆ ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತದೆ. ಕಾನಿನ ಬುಡದಲ್ಲಿ ಒರತೆ, ಒರತೆಯ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ. ಮೇಲಿನ ಕೆರೆ ತುಂಬಿದರೆ ಹೆಚ್ಚುವರಿ ನೀರು ಕೋಡಿಯಲ್ಲಿ ಹರಿದು ಕೆಳಗಿನ ಕೆರೆಗೆ. ಚಂದ್ರಗುತ್ತಿಯ ಮೇಲಿಂದ ಕಂಡ ಮೂರು ಬಣ್ಣ ಬೇರೆ ಬೇರೆ ಚಿತ್ರಗಳಲ್ಲ, ಒಂದೇ ಯಂತ್ರದ ಮೂರು ಭಾಗ.

ಇದು ನನ್ನ ಭಾವುಕ ಮಾತಲ್ಲ, ದಾಖಲೆ ಇದೆ. ಬ್ರಿಟಿಷ್ ಇಂಡಿಯಾದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಡೀಟ್ರಿಕ್ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಯ ಜತೆ ಸೇರಿ 1868ರಲ್ಲಿ ಸೊರಬದ ಕಾನುಗಳ ಬಗ್ಗೆಯೇ ಒಂದು ವರದಿ ಕೊಟ್ಟರು. ಅದರ ಪ್ರಕಾರ ಈ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳಿದ್ದವು. ಒಟ್ಟು 32,594 ಎಕರೆ. ಭಾಗಿಸಿ ನೋಡಿದರೆ ಒಂದೊಂದು ಕಾನು ಸರಾಸರಿ 190 ಎಕರೆ. ಅಂದ್ರೆ ನಾವು ಟಿಕೆಟ್ ತಗೊಂಡು ನೋಡುವ ಗುಡವಿ ಪಕ್ಷಿಧಾಮದಷ್ಟು ದೊಡ್ಡವು, 171 ಕಡೆ, ಬೋರ್ಡಿಲ್ಲದೆ ಇದ್ದವು. ಮುಂದೆ ಮಾಧವ ಗಾಡ್ಗೀಳ್ ಮತ್ತು ಎಂ.ಡಿ. ಸುಭಾಷ್‌ಚಂದ್ರನ್ ಪಶ್ಚಿಮಘಟ್ಟದ ಕಾನುಗಳ ಬಗ್ಗೆ ಬರೆದು, ಇವು ಜನರೇ ರೂಢಿಸಿಕೊಂಡ ಸಂರಕ್ಷಣಾ ವ್ಯವಸ್ಥೆ ಎಂದು ತೋರಿಸಿದರು.

ಆಮೇಲೆ ಏನಾಯಿತು? ಒಂದೇ ಖಳನಾಯಕ ಇದ್ದಿದ್ದರೆ ಕತೆ ಸುಲಭವಾಗುತ್ತಿತ್ತು. ಸರ್ಕಾರ ಕಾಡನ್ನು ತನ್ನದು ಅಂದಿತು, ಊರಿನ ಹಕ್ಕು ಹೋಯಿತು, ಹಕ್ಕಿನ ಜತೆಗೆ ಕಾವಲೂ ಹೋಯಿತು. ನಾಟಾಕ್ಕೆ ಮರ ಹೋಯಿತು. ಭೂಮಿ ಇಲ್ಲದವರು ಅಂಚಿನಲ್ಲಿ ಒಂದೆರಡು ಎಕರೆ ಸಾಗುವಳಿ ಮಾಡಿದರು, ಭೂಮಿ ಇದ್ದವರು ಅದರ ಹತ್ತು ಪಟ್ಟು ಮಾಡಿದರು. ಬಗರ್‌ಹುಕುಂ ಚರ್ಚೆ ಬಂದಾಗಲೆಲ್ಲ ಮೊದಲನೆಯವರ ಹೆಸರು ಹೇಳಿ ಎರಡನೆಯವರು ಬಚಾವಾಗುತ್ತಾರೆ. ಇದನ್ನು ಬೇರೆ ಮಾಡಿ ನೋಡದೆ 'ಒತ್ತುವರಿ ತೆರವು' ಅಂತ ಕೂಗುವುದೂ ಅನ್ಯಾಯವೇ, 'ರೈತರಿಗೆ ತೊಂದರೆ' ಅಂತ ಎಲ್ಲದಕ್ಕೂ ಕಣ್ಣುಮುಚ್ಚುವುದೂ ಅನ್ಯಾಯವೇ.

ಇದರ ಜತೆಗೆ ಅಕೇಶಿಯಾ. ಮಲೆನಾಡಿನ ರಸ್ತೆಗಳಲ್ಲಿ ಸಾಲಾಗಿ, ಒಂದೇ ವಯಸ್ಸಿನ, ಒಂದೇ ಎತ್ತರದ ಮರಗಳ 'ಕಾಡು' ನೋಡಿದ್ದೀರಲ್ಲ, ಅದು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಪಲ್ಪ್ ಬೇಕು ಅಂತ 1980ರಲ್ಲಿ ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯನ್ನು ಗುತ್ತಿಗೆ ಕೊಟ್ಟರು. ಕಾರ್ಖಾನೆ 2015ರ ಹೊತ್ತಿಗೆ ಕಾಗದ ಮಾಡುವುದನ್ನೇ ನಿಲ್ಲಿಸಿತು. 2020ರಲ್ಲಿ ಗುತ್ತಿಗೆ ಮುಗಿದಾಗ ಸರ್ಕಾರ ಮತ್ತೆ 40 ವರ್ಷಕ್ಕೆ ವಿಸ್ತರಿಸಿತು! ಕಾಗದ ಇಲ್ಲದ ಕಾರ್ಖಾನೆಗೆ ಕಾಡು ಯಾಕೆ ಅಂತ ಜನ ಕೇಳಿದರು. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅನ್ನುವ ಚಳವಳಿ ಹುಟ್ಟಿದ್ದು ಆಗ. ನಿಮಗೆ ಪರೀಕ್ಷೆ ಮಾಡಬೇಕು ಅನ್ನಿಸಿದರೆ ಒಂದೇ ದಿನ ಕಾನಿನೊಳಗೂ ಅಕೇಶಿಯಾ ತೋಪಿನೊಳಗೂ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ತೋಪಿನಲ್ಲಿ ಕೇಳಿಸುವುದು ಒಣ ಎಲೆಯ ಸದ್ದು ಮಾತ್ರ.

ಕ್ಯಾಸನೂರು

ಸೊರಬ ತಾಲ್ಲೂಕಿನ ಒಂದು ಊರಿನ ಹೆಸರು ಇಡೀ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇದೆ. ಅದು ಬನವಾಸಿಯ ಹಾಗೆ ಹೆಮ್ಮೆಯ ಹೆಸರಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಪತ್ತೆ ಮಾಡಿದರು. ಅದೇ ಕೆಎಫ್‌ಡಿ, ನಮ್ಮ ಮಾತಿನಲ್ಲಿ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಸೋಂಕು ತಗುಲಿದವರಲ್ಲಿ ಶೇಕಡ 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ಮೊದಲು ಇಲ್ಲಿ ಮಾತ್ರ ಕಂಡದ್ದು ಈಗ ಕೇರಳ, ಗೋವಾ, ಮಹಾರಾಷ್ಟ್ರದ ಘಟ್ಟಗಳಲ್ಲೂ ಇದೆ. ಹಳೆಯ ಲಸಿಕೆಯ ಬಳಕೆ ನಿಂತಿದೆ, ಹೊಸದರ ಕೆಲಸ ನಡೆದಿದೆ.

ಕಾಡಿಗೆ ಹೋದರೆ ರೋಗ ಬರುತ್ತದೆ, ಹಾಗಾಗಿ ಕಾಡು ಬೇಡ ಅನ್ನುವ ತೀರ್ಮಾನಕ್ಕೆ ಬರಬೇಡಿ. ಈ ಕಾಯಿಲೆಯ ಬಗ್ಗೆ ಕೆಲಸ ಮಾಡಿದ ವಿಜ್ಞಾನಿಗಳು 1960ರ ದಶಕದಲ್ಲೇ ಗಮನಿಸಿದ್ದು, ಕಾಡನ್ನು ಕಡಿದು ಗದ್ದೆ ಮಾಡಿದ ಅಂಚುಗಳಲ್ಲಿ, ದನ ಮೇಯುವ ಜಾಗಗಳಲ್ಲಿ ಉಣುಗು ಹೆಚ್ಚುತ್ತದೆ ಎಂದು. ದನದ ಮೈಯಲ್ಲಿ ರಕ್ತ ಹೀರಿ ಉಣುಗು ಬೆಳೆಯುತ್ತದೆ. ಮಂಗ, ಮುಸಿಯ, ದನ, ಸೌದೆಗೆ ಹೋಗುವ ಹೆಂಗಸರು, ಎಲ್ಲರೂ ಸೇರುವ ಜಾಗ ಆ ಹರಿದ ಅಂಚೇ. ಸತ್ತವರ ಪಟ್ಟಿಯಲ್ಲಿ ಇರುವುದೂ ಅವರೇ: ಸೊಪ್ಪು, ಸೌದೆ, ದರಗಿಗೆ ಹೋದ ಬಡವರು. ಪ್ರವಾಸಿಗರಲ್ಲ.

ಪ್ರವಾಸಿಗರಿಗೆ ನೇರವಾದ ಒಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ ಕಾನಿನೊಳಗೆ ಟ್ರೆಕ್ಕಿಂಗ್ ಬೇಡ. ಹೋಗಲೇಬೇಕಾದರೆ ಉದ್ದ ಪ್ಯಾಂಟು, ಪೂರ್ತಿ ತೋಳಿನ ಅಂಗಿ, ಕಾಲು ಕೈಗೆ ಡೆಪಾ ತೈಲ. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ. ಬಂದ ಮೇಲೆ ಬಿಸಿನೀರು, ಬಟ್ಟೆಗೂ ಬಿಸಿನೀರು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪೂರ್ವಕ್ಕೆ ಹೋದ ಹಾಗೆ

ಮೂರನೇ ದಿನ ಶಿರಾಳಕೊಪ್ಪದ ಕಡೆ ಹೊರಟೆವು. ಕಿಟಕಿಯಿಂದ ನೋಡುತ್ತಿದ್ದರೆ ಸೀಮೆ ಬದಲಾಗುವುದು ಗೊತ್ತಾಗುತ್ತದೆ. ಅಡಿಕೆ ಕಡಿಮೆಯಾಗಿ ಮೆಕ್ಕೆಜೋಳ ಬರುತ್ತದೆ, ಹೆಂಚಿನ ಮಾಡು ತಗ್ಗುತ್ತದೆ, ಮಾತಿನಲ್ಲಿ ಹಾವೇರಿ ಕಡೆಯ ರಾಗ ಸೇರಿಕೊಳ್ಳುತ್ತದೆ. ಮಳೆ ಕಡಿಮೆ, ಹಾಗಾಗಿ ಕೆರೆಯ ಬೆಲೆ ಹೆಚ್ಚು.

ತಾಳಗುಂದಕ್ಕೆ ಜನ ಹೋಗುವುದು ಕದಂಬರ ಇತಿಹಾಸಕ್ಕೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕುಬ್ಜ ಎಂಬ ಕವಿಯ ಸಂಸ್ಕೃತ ಶಾಸನವಿದೆ, 5ನೇ ಶತಮಾನದ್ದು. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಸವಾರನೊಂದಿಗೆ ಜಗಳವಾಡಿ, ಅವಮಾನ ತಾಳದೆ ಕತ್ತಿ ಹಿಡಿದ ಕತೆ ನಾವು ಶಾಲೆಯಲ್ಲಿ ಓದಿದ್ದು ಇದರಿಂದಲೇ. ಎಎಸ್‌ಐ ಇಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಎಂದು ಹೇಳಿದ್ದೂ ಸುದ್ದಿಯಾಯಿತು. ಆದರೆ ಕಂಬದ ಶಾಸನವನ್ನು ಬರೆಸಿದ್ದು ಯಾತಕ್ಕೆ ಅನ್ನೋದು ಪಠ್ಯಪುಸ್ತಕದಲ್ಲಿ ತಪ್ಪಿಹೋಗುತ್ತದೆ. ರಾಜ ಕಾಕುತ್ಸ್ಥವರ್ಮ ಈ ಗುಡಿಯ ಬಳಿ ಒಂದು ದೊಡ್ಡ ಕೆರೆ ಕಟ್ಟಿಸಿದ, ಅದನ್ನು ದಾಖಲಿಸಲು ಬರೆಸಿದ ಶಾಸನ ಅದು! ರಾಜವಂಶದ ಅಷ್ಟೂ ಕತೆ ಕೆರೆಯ ಸುದ್ದಿಗೆ ಪೀಠಿಕೆ. ಅವರ ಮನೆತನಕ್ಕೆ ಆ ಹೆಸರು ಬಂದದ್ದೂ ಮನೆಯ ಬಳಿ ಬೆಳೆದಿದ್ದ ಕದಂಬ ಮರದಿಂದ ಅಂತ ಅದರಲ್ಲೇ ಇದೆ. ಒಂದು ಮರ, ಒಂದು ಕೆರೆ.

ಹತ್ತಿರದ ಬಳ್ಳಿಗಾವಿಯೂ ಹಾಗೇ. ಅಲ್ಲಮಪ್ರಭುವಿನ ಊರು, ಕೇದಾರೇಶ್ವರ ಗುಡಿಯ ಊರು. ಶಾಸನಗಳಲ್ಲಿ ಬರುವ ಕೋಡಿಮಠಕ್ಕೆ ಆ ಹೆಸರು ಬಂದದ್ದು ಅದು ತಾವರೆಗೆರೆಯ ಕೋಡಿಯ ಬಳಿ ಇದ್ದುದರಿಂದ. ವಿದ್ಯೆಗೆ, ಅನ್ನದಾನಕ್ಕೆ ಹೆಸರಾದ ಮಠದ ವಿಳಾಸವೇ ಕೆರೆಯ ಕೋಡಿ. ಗುಡಿಯ ಹಿಂದೆ ಕೆರೆ ಏರಿಯ ಮೇಲೆ ಸಂಜೆ ಕೂತರೆ ಗಾಳಿ ಚೆನ್ನಾಗಿರುತ್ತದೆ.

ಇದೇ ತಾಲ್ಲೂಕಿನ ಬಂದಳಿಕೆ ನನಗೆ ಎಲ್ಲಕ್ಕಿಂತ ಇಷ್ಟದ ಜಾಗ. ಒಂದು ಕಾಲದ ನಾಗರಖಂಡದ ಮುಖ್ಯ ಪಟ್ಟಣ ಈಗ ಗಿಡಮರಗಳ ನಡುವೆ ಮೌನವಾಗಿದೆ. ಬಸದಿ, ಗುಡಿಗಳ ಸುತ್ತ ಕಾಡು ಬೆಳೆದಿದೆ. 10ನೇ ಶತಮಾನದ ಆರಂಭದಲ್ಲಿ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನು ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ವಹಿಸಿಕೊಂಡಳು. ಕೊನೆಗೆ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳು. ಈ ವಿವರ ಇರುವ ಶಾಸನ ಸಿಕ್ಕಿದ್ದು ಇಲ್ಲೇ. ಮೂವರು ಗೆಳತಿಯರೂ ಅಲ್ಲಿ ಸುಮಾರು ಹೊತ್ತು ಮಾತಾಡದೆ ಕೂತಿದ್ದರು.

ಅಲ್ಲಿಂದ ಅಂಜನಾಪುರ. ಕುಮುದ್ವತಿಗೆ 1930ರ ದಶಕದಲ್ಲಿ ಕಟ್ಟಿದ ಜಲಾಶಯ. ಮಳೆ ಚೆನ್ನಾಗಿ ಬಂದ ವರ್ಷ ಜುಲೈ, ಆಗಸ್ಟ್‌ನಲ್ಲಿ ಕೋಡಿ ಬೀಳುತ್ತದೆ. ಆಗ ಶಿಕಾರಿಪುರದ ಅರ್ಧ ಪೇಟೆ ಅಲ್ಲೇ ಇರುತ್ತದೆ, ಮಿರ್ಚಿ ಮಂಡಕ್ಕಿ ಅಂಗಡಿಯೂ ಬರುತ್ತದೆ. ಕೋಡಿಯ ಕಲ್ಲಿನ ಮೇಲೆ ಇಳಿಯಬೇಡಿ, ಪಾಚಿ ಕಟ್ಟಿ ಜಾರುತ್ತದೆ. ಇಲ್ಲಿಯವರೆಗೆ ಬಂದವರು ಈಸೂರಿಗೆ ಹೋಗದೆ ವಾಪಸ್ ಹೋಗಬಾರದು. 1942ರಲ್ಲಿ ತಾವು ಸ್ವತಂತ್ರರು ಅಂತ ಘೋಷಿಸಿಕೊಂಡು, ಮರುವರ್ಷ ಐದು ಮಂದಿಯನ್ನು ಗಲ್ಲಿಗೆ ಕೊಟ್ಟ ಊರು ಅದು.

ಪೈಪಿನ ನೀರು

ಕೆರೆ ಇಲ್ಲಿ ಬರೀ ಸೌಂದರ್ಯವಲ್ಲ, ಮತ. ಸೊರಬದಲ್ಲಿ ದಂಡಾವತಿಗೆ ಅಣೆಕಟ್ಟು ಕಟ್ಟುವ ಯೋಜನೆ ಚುನಾವಣೆಯಿಂದ ಚುನಾವಣೆಗೆ ಓಡಾಡಿತು. ಬೇಕು ಅನ್ನುವವರೂ ಹೋರಾಡಿದರು, ಮುಳುಗಡೆಯಾಗುವ ರೈತರು ಬೇಡ ಅಂತಲೂ ಹೋರಾಡಿದರು. ಶಿಕಾರಿಪುರದಲ್ಲಿ ಉಡುಗಣಿ, ತಾಳಗುಂದ, ಹೊಸೂರು ಹೋಬಳಿಗಳ ಕೆರೆಗಳಿಗೆ ತುಂಗಭದ್ರೆಯಿಂದ ಪಂಪು ಮಾಡಿ ನೀರು ತುಂಬಿಸುವ ಏತ ನೀರಾವರಿ ಯೋಜನೆ ಬಂತು. ನೀರೆತ್ತುವುದು ಹಾವೇರಿ ಜಿಲ್ಲೆಯಿಂದ, ಪೈಪು ಹಾದುಹೋಗುವುದು ಅಲ್ಲಿನ ಹೊಲಗಳಲ್ಲಿ. ಆ ರೈತರು ಬೀದಿಗಿಳಿದರು.

ತಾಳಗುಂದದ ರೈತನ ಕೆರೆಗೆ ನೀರು ಬಂದದ್ದನ್ನು ಬೆಂಗಳೂರಿನಲ್ಲಿ ಕೂತು ನಾನು ತಪ್ಪು ಅನ್ನಲಾರೆ. ಸತತ ಬರ ಕಂಡ ನೆಲ ಅದು. ಆದರೆ ಒಂದು ಬದಲಾವಣೆಯನ್ನು ಗಮನಿಸಬೇಕು. 1,600 ವರ್ಷ ಕೆರೆ ತುಂಬಿದ್ದು ತನ್ನದೇ ಗುಡ್ಡ, ತನ್ನದೇ ಹಳ್ಳ, ತನ್ನದೇ ಕಾನಿನಿಂದ. ಮೇಲಿನ ಕಾಡು ಕಡಿದರೆ ಕೆಳಗಿನ ಗದ್ದೆ ಒಣಗುತ್ತದೆ ಅನ್ನುವುದು ಊರಿನ ಎಲ್ಲರಿಗೂ ಗೊತ್ತಿತ್ತು. ಈಗ ಕೆರೆಗೆ ನೀರು ಪೈಪಿನಲ್ಲಿ, ಬೇರೆ ಜಿಲ್ಲೆಯಿಂದ, ಕರೆಂಟಿನ ಬಿಲ್ಲಿನ ಮೇಲೆ ಬರುತ್ತದೆ. ಕಾನು ಹೋದರೆ ಯಾರಿಗೂ ತಕ್ಷಣ ಬಾಯಾರುವುದಿಲ್ಲ. ಹಾಗಾಗಿ ಯಾರೂ ಕೇಳುವುದೂ ಇಲ್ಲ. ಏತ ನೀರಾವರಿಗೆ ಬಜೆಟ್ ಇದೆ, ಉಡುತಡಿಯಲ್ಲಿ ಅಕ್ಕನಿಗೆ ಎತ್ತರದ ಪ್ರತಿಮೆ ಆಯಿತು (ಬೇಡ ಅಂತಲ್ಲ), ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣವೂ ಬಂತು. ಇವುಗಳ ಪಕ್ಕದಲ್ಲಿ ಒಂದು ಸಣ್ಣ ಬೇಡಿಕೆ: 1868ರ ಪಟ್ಟಿ ಹಿಡಿದು, 171ರಲ್ಲಿ ಎಷ್ಟು ಕಾನು ಉಳಿದಿವೆ ಅಂತ ಊರೂರಿಗೆ ಹೋಗಿ ಗಡಿ ಗುರುತು ಮಾಡಿ, ಊರಿನ ಗ್ರಾಮಸಭೆಯ ಮುಂದೆ ಓದಿ ಹೇಳಿ. ಇದಕ್ಕೆ ಪಂಪೂ ಬೇಡ, ಪೈಪೂ ಬೇಡ.

ಬರುವವರಿಗೆ ಕೊನೆಯದಾಗಿ ದಾರಿಯ ವಿಷಯ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ, ಸಾಗರದಿಂದ ಸೊರಬಕ್ಕೆ ಬೇಕಾದಷ್ಟು ಬಸ್ಸಿವೆ. ಒಳ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಗುಡವಿ, ಬಂದಳಿಕೆಗೆ ಬೈಕು ಅಥವಾ ಆಟೊ ಗೊತ್ತು ಮಾಡುವುದು ಒಳ್ಳೇದು. ಸೀಗೆ ಹುಣ್ಣಿಮೆಯ ಹೊತ್ತಿಗೆ ಬಂದರೆ ನಮ್ಮ ಕಡೆ ಭೂಮಿ ಹುಣ್ಣಿಮೆ ನೋಡಬಹುದು. ತೆನೆ ಕಟ್ಟುವ ಭತ್ತ ಬಸುರಿ ಅಂತ, ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ನಸುಕಿನಲ್ಲಿ ಗದ್ದೆಗೆ ಹೋಗಿ ಭೂಮಿಗೆ ಉಣ್ಣಿಸುತ್ತಾರೆ. ಭತ್ತದ ಗದ್ದೆ ಇರುವವರೆಗೆ.

ಹೊರಡುವ ಹಿಂದಿನ ಸಂಜೆ ಮತ್ತೆ ಕಾನಿನ ಅಂಚಿಗೆ ಹೋಗಿದ್ದೆವು. ಒಂದು ಕಡೆ ಹೊಸದಾಗಿ ಅಗಳ ತೋಡಿ ಅಡಿಕೆ ಸಸಿ ನೆಟ್ಟಿದ್ದರು. 'ಇದು ಯಾರ ಜಾಗ ಅಂಕಲ್?' ಗೆಳತಿ ಕೇಳಿದಳು. ಮಾವ ನಕ್ಕರು. 'ಒಂದು ಆಫೀಸಿಗೆ ಹೋದ್ರೆ ಇನ್ನೊಂದು ಆಫೀಸಿನ ಕಡೆ ಕೈ ತೋರಿಸ್ತಾರೆ ಮಗಾ. ನೆಟ್ಟವನಿಗೆ ಮಾತ್ರ ಯಾರದ್ದು ಅಂತ ಗೊತ್ತಿದೆ.'

ಬಸ್ಸು ಹತ್ತುವಾಗ ಅವಳು ಮಾರ್ಚ್‌ನಲ್ಲಿ ಇನ್ನೊಂದು ಸಲ ಬರ್ತೀನಿ, ಕಾನಿನೊಳಗೆ ಪೂರ್ತಿ ನಡೀಬೇಕು ಅಂದಳು. ಉಣುಗಿನ ಕಾಲ, ಬೇಡ, ಜುಲೈಗೆ ಬಾ ಅಂದೆ.